ನೀರಿಗೆ ಹಾಕಿದ ನೀಲಿ ಸೂಟು

ನಮ್ಮ ಮನೆಯೊಳಗೆ ಸೂಟು ಎಂಬ ವಸ್ತು ಬಂದದ್ದು ಅಳಿಯನ ಪೆಟ್ಟಿಗೆಯಲ್ಲಿ. ಅದಕ್ಕೆ ಮೊದಲು ನಾನು ಸೂಟನ್ನು ದೂರದಿಂದ ನೋಡಿದ್ದುಂಟು, ಮುಟ್ಟಿದ್ದಿಲ್ಲ. ನನ್ನ ಗಂಡ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರು. ಅವರಿಗೆ ಇದ್ದದ್ದು ಮೂರು ಮುಂಡು, ಮೈ ಒರೆಸುವ ಎರಡು ಬೈರಾಸು, ಮದುವೆ ಮನೆಗೆ ಹೋಗ್ಲಿಕ್ಕೆ ಒಂದು ಬಿಳಿ ಅಂಗಿ. ಪ್ಯಾಂಟು ಹಾಕಿದ್ದನ್ನು ನಾನು ಕಂಡವಳಲ್ಲ. ಅದರ ಬಗ್ಗೆ ಬೇಸರವೂ ಇಲ್ಲ. ಹಾಕಿದ್ದರೆ ನಗು ಬರ್ತಿತ್ತು.

ಅಳಿಯ ಗಲ್ಫಿನಲ್ಲಿ ದೊಡ್ಡದೊಂದು ಹೋಟೆಲಿನ ಎದುರಿನ ಕೌಂಟರಿನಲ್ಲಿ ಹದಿನಾಲ್ಕು ವರ್ಷ ನಿಂತವರು. ಬಂದವರಿಗೆ ರೂಮಿನ ಕೀ ಕೊಡುವುದು, ಬೈದವರ ಎದುರು ನಗುವುದು, ಇದು ಕೆಲಸ. ಅದಕ್ಕೆ ಸೂಟು ಬೇಕು. ಬಣ್ಣ ನೀಲಿ. ನೀಲಿ ಅಂದರೆ ಶಾಲೆ ಮಕ್ಕಳ ಲಂಗದ ನೀಲಿ ಅಲ್ಲ, ಮಸಿ ಕುಡಿಕೆಗೆ ಇಣುಕಿದರೆ ಕಾಣುವಂಥ ನೀಲಿ. ದೂರದಿಂದ ಕಪ್ಪು ಎಂದೇ ತೋರುತ್ತದೆ. ಅದನ್ನು ನೇವಿ ಬ್ಲೂ ಅನ್ನಬೇಕಂತೆ, ಮೊಮ್ಮಗಳು ಹೇಳಿ ಕೊಟ್ಟದ್ದು.

ಒಮ್ಮೆ ರಜೆಯಲ್ಲಿ ಬಂದಾಗ ನಾನೇ ಕೇಳಿದೆ, "ಅಲ್ಲ ಮಾರಾಯ್ರೆ, ಇಷ್ಟು ದೂರದಿಂದ ಹೊತ್ತು ತರುವುದು ತಂದಿರಿ, ಒಂದು ಕಪ್ಪಿನದ್ದು ತರಬಾರದಾ? ಇದು ಕಪ್ಪೂ ಅಲ್ಲ, ನೀಲಿಯೂ ಅಲ್ಲ."

ಅಳಿಯ ಹೆಚ್ಚು ಮಾತಿನವರಲ್ಲ. ಆದರೆ ಬಟ್ಟೆಯ ವಿಷಯ ಕೇಳಿದರೆ ಮಾತಾಡ್ತಾರೆ. "ಮಾಮಿ, ಕಪ್ಪು ಹಾಕಿದರೆ ಕೆಲವು ಕಡೆ ಊಟ ಬಡಿಸುವವನ ಹಾಗೆ ಕಾಣ್ತದೆ, ಕೆಲವು ಕಡೆ ಹೆಣದ ಹಿಂದೆ ಹೊರಟವನ ಹಾಗೆ. ಇದು ಹಾಗಲ್ಲ. ಒಂದೇ ಕೋಟು, ಒಳಗಿನ ಅಂಗಿ ಬದಲಾಯಿಸಿದರೆ ಎಲ್ಲದಕ್ಕೂ ಆಗ್ತದೆ."

ಆಗ್ತದೆ ಅಂದದ್ದು ಸುಳ್ಳಲ್ಲ. ನಾನು ಕಣ್ಣಾರೆ ಕಂಡಿದ್ದೇನೆ. ಅವರ ಅಣ್ಣನ ಮಗನ ರಿಸೆಪ್ಶನ್ನಿಗೆ ಬಿಳಿ ಅಂಗಿ, ಕುಂಕುಮ ಬಣ್ಣದ ಟೈ, ಎದೆ ಕಿಸೆಯಲ್ಲಿ ಮಡಚಿದ ಬಿಳಿ ಕರವಸ್ತ್ರ. ಆ ಕರವಸ್ತ್ರದಲ್ಲಿ ಮೂಗು ಒರೆಸ್ಲಿಕ್ಕಿಲ್ಲವಂತೆ, ಸುಮ್ಮನೆ ಕಾಣ್ಲಿಕ್ಕೆ ಮಾತ್ರ. ಮೊಮ್ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಅದೇ ಕೋಟು, ಟೈ ಇಲ್ಲ, ಗುಂಡಿ ಹಾಕಿಲ್ಲ, ತೆಳು ನೀಲಿ ಅಂಗಿ, ಕಾಲಿಗೆ ಕಂದು ಶೂ. ಬ್ಯಾಂಕಿನ ಮ್ಯಾನೇಜರನ್ನು ಕಾಣ್ಲಿಕ್ಕೆ ಹೋದಾಗ ಕೋಟು ಒಂದೇ, ಕೆಳಗೆ ಬೂದು ಬಣ್ಣದ ಬೇರೆ ಪ್ಯಾಂಟು. ಕೋಟಿಗೆ ಎರಡು ಗುಂಡಿ ಇದ್ದರೆ ಕೆಳಗಿನದ್ದನ್ನು ಯಾವತ್ತೂ ಹಾಕಬಾರದು, ಕೂರುವಾಗ ಮೇಲಿನದ್ದನ್ನೂ ತೆಗೆಯಬೇಕು. ಹಾಕ್ಲಿಕ್ಕೆ ಇಲ್ಲದ ಗುಂಡಿಯನ್ನು ಹೊಲಿಯುವುದು ಯಾಕೆ ಎಂದು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ಶೂ ಯಾವ ಬಣ್ಣವೋ ಬೆಲ್ಟು ಅದೇ ಬಣ್ಣ. ಇಷ್ಟೆಲ್ಲ ನಾನು ಕಲಿತದ್ದು ಬೀಡಿ ಕಟ್ಟುತ್ತಾ ಜಗಲಿಯಲ್ಲಿ ಕೂತು, ಅವರು ಹೊರಡುವುದನ್ನು ನೋಡಿಯೇ.

ಮೊದಮೊದಲು ನನಗೆ ಇದೊಂದು ಮೋಸ ಅನಿಸುತ್ತಿತ್ತು. ಇರುವುದು ಒಂದೇ ಸೂಟು, ನಾಲ್ಕು ಉಂಟು ಎಂದು ಊರಿಗೆ ತೋರಿಸುವುದು. ಆಮೇಲೆ ಅರ್ಥವಾಯಿತು, ನಾನು ಒಂದೇ ಬಂಗುಡೆ ಮೀನಿನಲ್ಲಿ ಎರಡು ಹೊತ್ತಿನ ಸಾರು ಮಾಡುವುದೂ ಇದೇ ಅಲ್ವಾ ಎಂದು.

ಆ ಹೋಟೆಲು ಮುಚ್ಚಿತು. ಅಳಿಯ ಊರಿಗೆ ಬಂದರು. ಶಕ್ತಿನಗರದ ನಮ್ಮ ಈ ಮನೆ ಸಣ್ಣದು. ನಾನು, ಮಗಳು, ಮೊಮ್ಮಗಳು ಮೂವರು ಹೆಣ್ಣುಗಳು ಅಭ್ಯಾಸ ಮಾಡಿಕೊಂಡ ಮನೆ. ಅದರೊಳಗೆ ನಲವತ್ತೇಳು ವರ್ಷದ ಒಬ್ಬ ಗಂಡಸು ಕೆಲಸ ಇಲ್ಲದೆ ಎಂಟು ತಿಂಗಳು ಕೂತರೆ ಹೇಗಿರ್ತದೆ, ಹೇಳುವುದು ಬೇಡ. ಅವರಿಗೆ ಎಲ್ಲಿ ಕೂರಬೇಕು ಎಂದು ಗೊತ್ತಾಗ್ತಿರಲಿಲ್ಲ. ನಾನು ಗುಡಿಸ್ಲಿಕ್ಕೆ ಬಂದರೆ ಎದ್ದು ನಿಲ್ಲುತ್ತಿದ್ದರು, ಕೌಂಟರಿಗೆ ಯಾರೋ ಬಂದ ಹಾಗೆ.

ಆದರೆ ಮಗಳದ್ದು ಮಾತ್ರ ಒಂದೇ ಹಟ. ಪುನಃ ಗಲ್ಫಿಗೆ ಕಳಿಸುವುದಿಲ್ಲ. "ಮದುವೆಯಾಗಿ ಹದಿನೈದು ವರ್ಷದಲ್ಲಿ ಇವರು ನನ್ನ ಜೊತೆ ಇದ್ದದ್ದು ಎಲ್ಲ ಸೇರಿಸಿದರೆ ಎರಡು ವರ್ಷ ಆಗ್ಲಿಕ್ಕಿಲ್ಲ ಅಮ್ಮ. ಇಲ್ಲೇ ಎಂತಾದರೂ ಸಿಗಲಿ." ಕೊಡಿಯಾಲ್‌ಬೈಲಿನ ಬಟ್ಟೆ ಅಂಗಡಿಯಲ್ಲಿ ಅವಳಿಗೆ ಕೆಲಸ. ಅದೇ ದಾರಿಯಲ್ಲಿ ಒಂದು ಹೊಸ ಹೋಟೆಲು ಏಳ್ತಾ ಇತ್ತು. ಎದುರಿನ ಕೌಂಟರಿಗೆ ಜನ ಬೇಕು ಎಂದು ಗೊತ್ತಾಗಿ ಇವಳೇ ಅರ್ಜಿ ಕೊಟ್ಟು ಬಂದಳು. ಎರಡು ವಾರ ಬಿಟ್ಟು ಸೋಮವಾರ ಹನ್ನೊಂದು ಗಂಟೆಗೆ ಬರಬೇಕು ಎಂದು ಫೋನು ಬಂತು. ಅದು ಸಿಕ್ಕಿದರೆ ಇಲ್ಲಿ, ಸಿಗದಿದ್ದರೆ ಅಲ್ಲಿ. ಮನೆಯಲ್ಲಿ ಎಲ್ಲರಿಗೂ ಇದು ಗೊತ್ತಿತ್ತು.

ಆ ವಾರವೇ ಅಳಿಯನ ಜೊತೆಗಾರ ಸತ್ತದ್ದು.

ಅವರೂ ಇಲ್ಲಿಯವರೇ, ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು. ನಮ್ಮಲ್ಲಿ ಅವರನ್ನು ಪೊರ್ಬು ಅನ್ನುತ್ತೇವೆ, ಅಳಿಯ ಕರೆಯುತ್ತಿದ್ದದ್ದೂ ಹಾಗೆಯೇ. ಗಲ್ಫಿನಲ್ಲಿ ಒಂದೇ ಹೋಟೆಲು, ಒಂದೇ ರೂಮು, ಹನ್ನೊಂದು ವರ್ಷ. ರಜೆಗೆ ಬಂದರೆ ಒಮ್ಮೆಯಾದರೂ ನಮ್ಮಲ್ಲಿ ಊಟ. "ಮಾಮಿ, ನಿಮ್ಮ ಅಳಿಯನ ಗೊರಕೆಯನ್ನು ನಿಮ್ಮ ಮಗಳಿಗಿಂತ ಹೆಚ್ಚು ಕೇಳಿದವ ನಾನು. ನನಗೆ ಒಂದು ತುಂಡು ಮೀನು ಹೆಚ್ಚು ಹಾಕಬೇಕು" ಎನ್ನುತ್ತಿದ್ದರು. ನಾನು ಹಾಕುತ್ತಿದ್ದೆ. ಹೋಟೆಲು ಮುಚ್ಚಿದ ಮೇಲೆ ಅವರು ಬರಲಿಲ್ಲ, ಅಲ್ಲೇ ಯಾವುದೋ ಗೋಡೌನಿನಲ್ಲಿ ಕೆಲಸ ಹಿಡಿದು ಅದೇ ರೂಮಿನಲ್ಲಿ ಉಳಿದರು. ಒಂದು ದಿನ ಬೆಳಿಗ್ಗೆ ಏಳಲಿಲ್ಲ, ಅಷ್ಟೇ. ಕಾಗದ ಪತ್ರ ಎಲ್ಲ ಆಗಿ ಹೆಣ ಬರ್ಲಿಕ್ಕೆ ಒಂಬತ್ತು ದಿನ ಹಿಡಿಯಿತು. ಶುಕ್ರವಾರ ಇಗರ್ಜಿಯಲ್ಲಿ ಪೂಜೆ, ಮಣ್ಣು.

ಪೆಟ್ಟಿಗೆಗೆ ಹೆಗಲು ಕೊಡುವವರಲ್ಲಿ ಅಳಿಯನೂ ಇರಬೇಕು ಎಂದು ಪೊರ್ಬುವಿನ ಹೆಂಡತಿ ಹೇಳಿ ಕಳಿಸಿದ್ದರು. ಅವರಲ್ಲಿ ಅದಕ್ಕೆ ಸೂಟು ಹಾಕುವ ಕ್ರಮ ಉಂಟು. ಇವರು ಅದೇ ನೀಲಿ ಸೂಟು ತೆಗೆದರು. ಬಿಳಿ ಅಂಗಿ, ಕಪ್ಪು ಟೈ. ಟೈಗೆ ಪಿನ್ನು ಇಲ್ಲ, ಕಿಸೆಯಲ್ಲಿ ಕರವಸ್ತ್ರ ಇಲ್ಲ, ಕಪ್ಪು ಶೂ, ಹೊಳೆಯದ ಬೆಲ್ಟು. ಮದುವೆಗೆ ಹಾಕಿದ್ದೇ ಕೋಟು, ಆದರೆ ನೋಡಿದರೆ ಸಾವಿಗೇ ಹೊಲಿಸಿದ ಹಾಗಿತ್ತು. ಮಗಳು ಹಿಂದೆ ನಿಂತು ಬೆನ್ನಿನ ನೂಲು ತೆಗೆದಳು. ಇಬ್ಬರೂ ಸ್ಕೂಟರಿನಲ್ಲಿ ಹೋದರು.

ಬರುವಾಗ ಅಳಿಯ ಒಬ್ಬರೇ. ಮಗಳು ಪೊರ್ಬುವಿನ ಹೆಂಡತಿಯ ಹತ್ತಿರ ಕೂತಿದ್ದಾಳೆ, ಸಂಜೆ ಬಸ್ಸಿನಲ್ಲಿ ಬರ್ತಾಳೆ ಎಂದರು. ಮೊಮ್ಮಗಳು ಟ್ಯೂಷನ್ನಿಗೆ ಹೋಗಿದ್ದಳು. ಮನೆಯಲ್ಲಿ ನಾನೊಬ್ಬಳೇ. ನಾನು ಆಗಲೇ ಬಾವಿಕಟ್ಟೆಯ ಹತ್ತಿರ ಬಕೆಟು ತುಂಬಿಸಿ ಇಟ್ಟಿದ್ದೆ. ಸಾವಿನ ಮನೆಗೆ ಹೋದವರು ಹೊರಗೇ ನಿಂತು ಬಟ್ಟೆ ನೀರಿಗೆ ಹಾಕಿ, ತಲೆಗೆ ಸ್ನಾನ ಮಾಡಿ ಒಳಗೆ ಬರುವುದು. ನನ್ನ ಅಮ್ಮ ಮಾಡಿದ್ದು, ನಾನು ಮಾಡಿದ್ದು, ಮಗಳೂ ಮಾಡುವುದು.

"ಮಾಮಿ, ಇದು ನೀರಿಗೆ ಹಾಕುವ ಬಟ್ಟೆ ಅಲ್ಲ" ಎಂದರು. "ಇಲ್ಲೇ ಹೊರಗೆ ನೇತು ಹಾಕ್ತೇನೆ. ನಾಳೆ ಡ್ರೈಕ್ಲೀನಿಂಗಿಗೆ ಕೊಡುವ."

"ಅಂಗಡಿಗೆ ಕೊಟ್ಟರೆ ಸೂತಕ ಹೋಗ್ತದಾ? ನೀರು ಮುಟ್ಟಬೇಕು."

"ಅವರಲ್ಲಿ ಸೂತಕ ಎಲ್ಲ ಇಲ್ಲ ಮಾಮಿ."

"ಹೆಣಕ್ಕೆ ಜಾತಿ ಉಂಟಾ?" ಎಂದೆ ನಾನು. "ಹೆಗಲು ಕೊಟ್ಟು ಬಂದಿದ್ದೀರಿ. ಹಾಗೆಯೇ ಒಳಗೆ ಬಂದರೆ ನಾನು ಹೊರಗೆ ಹೋಗ್ತೇನೆ."

ಇಷ್ಟು ಹೇಳಬೇಕಾಗಿರಲಿಲ್ಲ. ಹೇಳಿದೆ. ಯಾಕೆ ಎಂದೂ ಹೇಳಿ ಬಿಡ್ತೇನೆ. ನನಗೆ ಸೂತಕಕ್ಕಿಂತ ಹೆಚ್ಚು ಹೆದರಿಕೆ ಇತ್ತು. ಒಂದೇ ರೂಮಿನಲ್ಲಿ ಹನ್ನೊಂದು ವರ್ಷ ಮಲಗಿದ ಇಬ್ಬರಲ್ಲಿ ಒಬ್ಬ ಮಲಗಿದಲ್ಲೇ ಹೋದ. ಅದು ಇನ್ನೊಬ್ಬರ ಬೆನ್ನಿಗೆ ಅಂಟಿ ನನ್ನ ಮಗಳ ಮನೆಗೆ ಬರಬಾರದು. ಇದು ದಡ್ಡತನ ಎಂದು ಮೊಮ್ಮಗಳು ಹೇಳ್ತಾಳೆ. ಇರಬಹುದು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೆ ಹೆದರಿಕೆಗೆ ಕ್ಲಾಸು ಇಲ್ಲ.

ಅಳಿಯ ನನ್ನ ಮುಖ ನೋಡಿದರು. ಕಿಸೆಯಿಂದ ಸ್ಕೂಟರಿನ ಕೀ, ಇಗರ್ಜಿಯಲ್ಲಿ ಕೊಟ್ಟ ಪೊರ್ಬುವಿನ ಫೋಟೋದ ಸಣ್ಣ ಕಾರ್ಡು ತೆಗೆದು ಬಾವಿಕಟ್ಟೆಯ ಮೇಲಿಟ್ಟರು. ಕೋಟು ಬಿಚ್ಚಿ, ಹೆಗಲಿನ ಎರಡೂ ಕಡೆ ಹಿಡಿದು, ತಾವೇ ಬಕೆಟಿಗೆ ಇಳಿಸಿದರು. ಅದು ಕೂಡಲೇ ಮುಳುಗಲಿಲ್ಲ. ಕೈಯಿಂದ ಒತ್ತಿದರು. ಪ್ಯಾಂಟು, ಅಂಗಿ, ಟೈ ಎಲ್ಲ ಅದರ ಮೇಲೆ. ಬೈರಾಸು ಸುತ್ತಿಕೊಂಡು ಸ್ನಾನಕ್ಕೆ ಹೋದರು. ಸ್ನಾನ ಮಾಡಿ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಚಹಾ ಇಟ್ಟದ್ದು ಹಾಗೆಯೇ ಆರಿತು.

ಬರೀ ಅದ್ದಿ ತೆಗೆದಿದ್ದರೆ ಅದೊಂದು ಮಾತು. ನಾನು ಯಾವ ಕೆಲಸವನ್ನೂ ಅರ್ಧ ಮಾಡುವವಳಲ್ಲ. ಬಾರ್ ಸೋಪು ಹಾಕಿ, ಬ್ರಶ್ಶಿನಿಂದ ಉಜ್ಜಿ, ಕಲ್ಲಿಗೆ ನಾಲ್ಕು ಸಲ ಬಡಿದೆ. ನೀರು ನೀಲಿ ನೀಲಿ ಹೋಯಿತು. ಹಿಂಡ್ಲಿಕ್ಕೆ ಒಂದು ಕೊನೆಯನ್ನು ಬಾವಿಯ ಕಂಬಕ್ಕೆ ಸುತ್ತಿದೆ. ಒಳ್ಳೆ ಭಾರ ಬಟ್ಟೆ. ಬಿಸಿಲು ಚೆನ್ನಾಗಿತ್ತು, ಹಗ್ಗಕ್ಕೆ ಹಾಕಿದೆ.

ಸಂಜೆ ಮಗಳು ಬಂದಳು. ಗೇಟು ತೆರೆದವಳು ಅಲ್ಲೇ ನಿಂತಳು.

"ಅಮ್ಮ, ಅದು ಎಂತ ಹಗ್ಗದಲ್ಲಿ?"

"ಕೋಟು. ಒಗೆದಿದ್ದೇನೆ."

"ಒಗೆದದ್ದಾ?" ಹತ್ತಿರ ಹೋಗಿ ತೋಳು ಹಿಡಿದು ನೋಡಿದಳು. "ಸೋಮವಾರ ಇವರು ಎಂತ ಹಾಕಿಕೊಂಡು ಹೋಗುವುದು ಅಮ್ಮ? ನಿನ್ನ ಸೀರೆಯಾ?"

ಅಷ್ಟೇ ಹೇಳಿದ್ದು. ಆಮೇಲೆ ಬಾವಿಕಟ್ಟೆಗೆ ಹೋಗಿ, ಅವಳ ಪಾಲಿನ ಸ್ನಾನ ಮಾಡಿ ಒಳಗೆ ಬಂದಳು. ಅವಳ ಸೀರೆ ನೀರಿಗೆ ಆಗುವ ಸೀರೆ.

ಒಣಗಿದ ಮೇಲೆ ನೋಡಿದರೆ ಆ ಕೋಟಿಗೆ ಮೈ ತುಂಬ ಗುಳ್ಳೆ. ಎದೆಯ ಭಾಗದಲ್ಲಿ ಹಪ್ಪಳ ಉಬ್ಬಿದ ಹಾಗೆ ಅಲ್ಲಲ್ಲಿ ಉಬ್ಬಿತ್ತು. ಹೆಗಲಿನೊಳಗಿನ ಹತ್ತಿ ಗಂಟು ಕಟ್ಟಿ ಒಂದು ಕಡೆಗೆ ಬಂದು ನಿಂತಿತ್ತು. ತೋಳು ಎರಡು ಬೆರಳು ಮೇಲೆ ಹೋಗಿತ್ತು, ಒಳಗಿನ ರೇಷ್ಮೆ ಬಟ್ಟೆ ಮಾತ್ರ ಮೊದಲಿನಷ್ಟೇ ಉದ್ದ, ಹಾಗಾಗಿ ತೋಳಿನಿಂದ ಹೊರಗೆ ನೇತಾಡ್ತಿತ್ತು. ಪ್ಯಾಂಟಿಗೆ ಎಂತದೂ ಆಗಿರಲಿಲ್ಲ.

ಶನಿವಾರ ನಾನೇ ಅದನ್ನು ಚೀಲಕ್ಕೆ ಹಾಕಿಕೊಂಡು ಪೇಟೆಯ ದರ್ಜಿಯ ಹತ್ತಿರ ಹೋದೆ. ಮಗಳು ಬೇಡ ಎಂದಳು, ನಾನು ಕೇಳಲಿಲ್ಲ. ದರ್ಜಿ ವಯಸ್ಸಾದವರು, ಕಣ್ಣಿಗೆ ದಪ್ಪ ಕನ್ನಡಕ. ಕೋಟನ್ನು ಮೇಜಿನ ಮೇಲೆ ಹರಡಿ, ಎದೆಯ ಭಾಗವನ್ನು ಬೆರಳಲ್ಲಿ ತಿಕ್ಕಿ ನೋಡಿದರು.

"ಇದು ಯಾರು ಒಗೆದದ್ದು?"

"ನಾನು."

"ಕೈಯಲ್ಲಾ?"

"ಕಲ್ಲಲ್ಲಿ."

ಅವರು ಕನ್ನಡಕ ತೆಗೆದು ನನ್ನನ್ನು ಒಮ್ಮೆ ಸರಿಯಾಗಿ ನೋಡಿದರು. "ಅಮ್ಮ, ಈ ಬಟ್ಟೆಯ ಒಳಗೆ ಬಕ್ರಂ ಅಂತ ಇನ್ನೊಂದು ಗಟ್ಟಿ ಬಟ್ಟೆ ಉಂಟು. ಅದನ್ನು ಅಂಟಿನಲ್ಲಿ ಕೂರಿಸುವುದು. ನೀರಿಗೆ ಅಂಟು ಬಿಟ್ಟಿದೆ. ಇಸ್ತ್ರಿ ಹಾಕಿದರೆ ಇನ್ನೂ ಏಳ್ತದೆ."

"ಬಿಚ್ಚಿ ಪುನಃ ಹೊಲಿದರೆ?"

"ಬಿಚ್ಚಿದರೆ ನಿಮಗೆ ನಾಲ್ಕು ಮಸಿಬಟ್ಟೆ ಸಿಕ್ಕೀತು."

ನಗಿಸ್ಲಿಕ್ಕೆ ಹೇಳಿದ್ದು. ನಾನು ನಗಲಿಲ್ಲ. ಹೊಸದು ಎರಡು ದಿನದಲ್ಲಿ ಆಗ್ತದಾ ಎಂದರೆ ಮೂರು ವಾರ ಎಂದರು, ಮದುವೆ ಸೀಸನು.

ಭಾನುವಾರ ಬಾಡಿಗೆಗೆ ಸೂಟು ಕೊಡುವ ಒಂದು ಅಂಗಡಿಗೆ ಅಳಿಯ, ಮೊಮ್ಮಗಳು ಇಬ್ಬರೂ ಹೋದರು. ಬಂದ ಮೇಲೆ ಮೊಮ್ಮಗಳು ಹೇಳಿದ್ದು ಇಷ್ಟು: "ಅಜ್ಜಿ, ಅಲ್ಲಿರುವುದೆಲ್ಲ ಮದುಮಗನ ಕೋಟು. ಕಾಲರಿಗೆ ವೆಲ್ವೆಟ್ಟು, ಮಿಣಮಿಣ ಮಿಣುಕು. ಅದೂ ಪಪ್ಪನ ಹೊಟ್ಟೆಗೆ ಗುಂಡಿ ಹಿಡಿಯುವುದಿಲ್ಲ. ಅದನ್ನು ಹಾಕಿ ಹೋದರೆ ಹೋಟೆಲಿನವರು ಕೆಲಸ ಕೊಡುವುದಿಲ್ಲ, ಹೆಣ್ಣು ಕೊಟ್ಟಾರು."

ಅಳಿಯನೂ ಸ್ವಲ್ಪ ನಕ್ಕರು. ಆ ಮೂರು ದಿನದಲ್ಲಿ ಅದೊಂದೇ ನಗು.

ರಾತ್ರಿ ಊಟಕ್ಕೆ ಕೂತಾಗ ಮಗಳು ಹೇಳಿದಳು, "ಪೊರ್ಬುವಿನದ್ದೂ ಇದೇ ಸೂಟಲ್ವಾ? ನೀವಿಬ್ಬರು ಒಂದೇ ಬಟ್ಟೆ ತೆಗೆದು ಒಂದೇ ದರ್ಜಿಯ ಹತ್ತಿರ ಹೊಲಿಸಿದ್ದಲ್ವಾ? ಅಳತೆಯೂ ಒಂದೇ. ಅವರ ಹೆಂಡತಿಯನ್ನು ಕೇಳಿದರೆ ಎರಡು ಗಂಟೆಯ ಮಟ್ಟಿಗೆ ಕೊಟ್ಟಾರು. ಪಾಪ, ಇಲ್ಲ ಅನ್ನುವ ಜನ ಅಲ್ಲ."

ಅಳಿಯ ತಟ್ಟೆಯಿಂದ ತಲೆ ಎತ್ತಲಿಲ್ಲ. "ಅದನ್ನು ಅವನ ಮೈಗೆ ಹಾಕಿಯೇ ಮಣ್ಣು ಮಾಡಿದ್ದು" ಎಂದರು. "ನೀನು ನೋಡಲಿಲ್ವಾ?"

ಮಗಳು ನೋಡಿರಲಿಲ್ಲ. ಅವಳಿಗೆ ಹೆಣ ನೋಡ್ಲಿಕ್ಕೆ ಆಗುವುದಿಲ್ಲ, ಹೂವನ್ನು ಮಾತ್ರ ನೋಡ್ತಾಳೆ. ನಾನು ಎದ್ದು ಗಂಜಿ ಬಡಿಸಿದೆ, ಯಾರಿಗೂ ಬೇಕಾಗಿರಲಿಲ್ಲ.

ಸೋಮವಾರ ಅವರು ನೀಲಿ ಪ್ಯಾಂಟು, ಬಿಳಿ ಅಂಗಿ, ಉದ್ದ ತೋಳು, ನೀಲಿ ಟೈ, ಕಪ್ಪು ಶೂ ಹಾಕಿ ಹೊರಟರು. ಕೋಟು ಇಲ್ಲದೆಯೂ ಚಂದವೇ ಕಾಣ್ತಿದ್ದರು, ಸುಳ್ಳು ಹೇಳುವುದಿಲ್ಲ. ಆದರೆ ಎಂತದೋ ಕಡಿಮೆ ಇದ್ದ ಹಾಗೆ, ಮಾತಿನ ಮಧ್ಯೆ ಎದ್ದು ಬಂದ ಹಾಗೆ. ಟೈ ಬಿಟ್ಟರೆ ಹೇಗೆ ಎಂದು ಮೊಮ್ಮಗಳು ಕೇಳಿದಳು. ಬಿಟ್ಟು ನೋಡಿದರು. ಆಗ ಬ್ಯಾಂಕಿಗೆ ಹೊರಟವರ ಹಾಗಾಯಿತು. ಪುನಃ ಕಟ್ಟಿದರು. ಬಾಗಿಲಲ್ಲಿ ಒಮ್ಮೆ ಕೈ ಎದೆಯ ಹತ್ತಿರ ಹೋಯಿತು, ಮೇಲಿನ ಗುಂಡಿ ಹಾಕುವ ಅಭ್ಯಾಸಕ್ಕೆ. ಅಲ್ಲಿ ಗುಂಡಿ ಇರಲಿಲ್ಲ. ಕೈಯನ್ನು ಕಿಸೆಗೆ ಹಾಕಿಕೊಂಡರು.

ಒಂದು ಗಂಟೆಗೆಲ್ಲ ವಾಪಸು ಬಂದರು. ಹೇಗಾಯ್ತು ಎಂದರೆ "ಆಯ್ತು" ಎಂದರು. ಮಗಳು ಬಿಡಿಸಿ ಬಿಡಿಸಿ ಕೇಳಿದ ಮೇಲೆ ಹೊರಗೆ ಬಂದದ್ದು ಇಷ್ಟು: ಕಾದು ಕೂತವರು ಏಳು ಜನ, ಎಲ್ಲ ಇಪ್ಪತ್ತೈದರ ಆಸುಪಾಸಿನವರು, ಎಲ್ಲರಿಗೂ ಕೋಟು. ಒಳಗೆ ಕೂತಿದ್ದವನು ಇವರಿಗಿಂತ ಸಣ್ಣ ಪ್ರಾಯದವನು. ಹದಿನಾಲ್ಕು ವರ್ಷದ ಅನುಭವದ ಕಾಗದ ನೋಡಿ ಸಂತೋಷ ಎಂದನಂತೆ. ಆಮೇಲೆ "ಸರ್, ನಮ್ಮಲ್ಲಿ ಈಗ ಎಲ್ಲ ಬೇರೆ ರೀತಿ" ಎಂದನಂತೆ. ಕೋಟಿನ ಬಗ್ಗೆ ಕೇಳಿದನಾ ಎಂದು ನಾನು ಕೇಳಿದೆ.

"ಕೇಳಲಿಲ್ಲ ಮಾಮಿ."

"ನೋಡಿದನಾ?"

"ನೋಡಿದ."

ಹತ್ತು ದಿನ ಫೋನು ಬರಲಿಲ್ಲ. ಮಗಳೇ ಫೋನು ಮಾಡಿದಳು. ಜನ ಆಗಿದೆ ಎಂದರು.

ಕೋಟು ಇದ್ದಿದ್ದರೆ ಆ ಕೆಲಸ ಸಿಗ್ತಿತ್ತು ಎಂದು ನಾನು ಹೇಳುವುದಿಲ್ಲ. ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಆದರೆ ಕೋಟು ಇದ್ದಿದ್ದರೆ ಒಂದು ವಿಷಯ ಖಂಡಿತ ಗೊತ್ತಿರ್ತಿತ್ತು, ಸಿಗದಿದ್ದದ್ದು ಕೋಟಿನಿಂದ ಅಲ್ಲ ಎಂದು. ಅಷ್ಟಾದರೂ ಈ ಮನೆಯಲ್ಲಿ ಇರಬೇಕಿತ್ತು. ನಾನು ಅದನ್ನೂ ಒಗೆದು ಬಿಟ್ಟೆ.

ಮಗಳು ನನಗೆ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಹೇಳಿ ಮುಗಿಸ್ತಿದ್ದೆ. ಅವಳು ನನ್ನ ಬಟ್ಟೆಯನ್ನು ಅವಳ ಬಟ್ಟೆಯ ಜೊತೆ ಸೇರಿಸಿ ತಾನೇ ಒಗೆಯಲು ಶುರು ಮಾಡಿದಳು. "ನೀನು ಕೂತಿರು ಅಮ್ಮ" ಎನ್ನುತ್ತಾಳೆ. ಆ ಕಲ್ಲಿನ ಹತ್ತಿರ ನನ್ನನ್ನು ಬಿಡುವುದಿಲ್ಲ.

ತಿಂಗಳು ಕಳೆಯುವುದರೊಳಗೆ ಗಲ್ಫಿನ ರೂಮಿನವರು ಫೋನು ಮಾಡಿದರು. ಪೊರ್ಬು ಕೆಲಸ ಮಾಡುತ್ತಿದ್ದ ಗೋಡೌನಿನಲ್ಲಿ ಅವರ ಜಾಗ ಖಾಲಿ ಉಂಟು, ಮಾಲೀಕರು ಗುರುತಿನವರನ್ನೇ ಕೇಳ್ತಿದ್ದಾರೆ, ಬರ್ತೀರಾ ಎಂದು. ಬಂದ ಪೆಟ್ಟಿಗೆ ಎಣಿಸಿ ಬರೆದಿಡುವ ಕೆಲಸ. ಯಾರ ಎದುರೂ ನಿಲ್ಲಬೇಕಾಗಿಲ್ಲ. ಮಲಗಲಿಕ್ಕೆ ಅದೇ ರೂಮು. ಖಾಲಿ ಇರುವ ಮಂಚ ಯಾವುದು ಎಂದು ಮಗಳು ಕೇಳಲಿಲ್ಲ. ಅಡುಗೆ ಮನೆಗೆ ಹೋಗಿ ಮಿಕ್ಸಿ ಹಾಕಿದಳು, ಅರೆಯಲಿಕ್ಕೆ ಎಂತದೂ ಇರಲಿಲ್ಲ.

ಹೊರಡುವ ದಿನ ಅಳಿಯ ಸಾದಾ ಗೀಟಿನ ಅಂಗಿ, ಜೀನ್ಸ್ ಪ್ಯಾಂಟು ಹಾಕಿದ್ದರು. ಮಗಳು ಒಳಗೆ ಮೀನಿನ ಚಟ್ನಿಪುಡಿಯ ಪೊಟ್ಟಣ ಕಟ್ಟುತ್ತಿದ್ದಳು. ಅವರು ಜಗಲಿಗೆ ಬಂದು ನನ್ನ ಕಾಲು ಮುಟ್ಟಿದರು. ಎದ್ದು ನಿಂತಾಗ ನಾನು ಹೇಳಿದೆ, "ನಿಮ್ಮ ಕೋಟು ಹಾಳು ಮಾಡಿದ್ದು ನಾನು. ಇದನ್ನು ಬಾಯಿಬಿಟ್ಟು ಹೇಳದೆ ನಿಮ್ಮನ್ನು ಕಳಿಸಬಾರದು ಅಂತ ಇತ್ತು."

"ನೀರಿಗೆ ಹಾಕಿದ್ದು ನಾನಲ್ವಾ ಮಾಮಿ."

"ಬಕೆಟು ಇಟ್ಟದ್ದು ನಾನು. ಕಲ್ಲಿಗೆ ಬಡಿದದ್ದೂ ನಾನು."

ಅವರು ವಾಚಿನ ಪಟ್ಟಿ ಸರಿ ಮಾಡಿಕೊಂಡರು. ಒಳಗೆ ಕೇಳಿಸದ ಹಾಗೆ ಹೇಳಿದರು, "ಪೆಟ್ಟಿಗೆಯಲ್ಲಿ ಅವನು ಅದೇ ಕೋಟಿನಲ್ಲಿ ಮಲಗಿದ್ದ ಮಾಮಿ. ಅದೇ ಬಟ್ಟೆ, ಅದೇ ಗುಂಡಿ. ಮೈಗೆ ಅದನ್ನೇ ಹಾಕಿಕೊಂಡು ನಾನು ಮೇಲಿನಿಂದ ನೋಡಿದೆ. ಪುನಃ ಅದನ್ನು ಹಾಕಿ ಕನ್ನಡಿ ಎದುರು ನಿಲ್ಲುವುದು ನನ್ನಿಂದ ಆಗ್ತಿರಲಿಲ್ಲ. ನೀವು ನೀರಿಗೆ ಹಾಕಿ ಅಂದಾಗ ಒಳ್ಳೆದಾಯ್ತು ಅಂತಲೇ ಹಾಕಿದ್ದು."

ಇದು ನಿಜವೋ, ಮುದುಕಿಗೆ ಸಮಾಧಾನ ಆಗಲಿ ಎಂದು ಹೇಳಿದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಹದಿನಾಲ್ಕು ವರ್ಷ ಕೌಂಟರಿನಲ್ಲಿ ನಿಂತವರು, ಎದುರಿಗಿರುವವರಿಗೆ ಬೇಕಾದ ಮಾತು ಯಾವುದೆಂದು ಅವರಿಗೆ ಗೊತ್ತಿರ್ತದೆ. ಗೇಟಿನ ಹತ್ತಿರ ಟ್ಯಾಕ್ಸಿ ಬಂದು ಹಾರ್ನು ಹಾಕಿತು.

"ಅಲ್ಲಿ ಎದೆಯಲ್ಲಿ ಎಂತಾದರೂ ಆದ ಹಾಗೆ ಕಂಡರೆ ಪಕ್ಕದ ಮಂಚದವನನ್ನು ಎಬ್ಬಿಸಿ" ಎಂದೆ. "ಅವನಿಗೆ ನಿದ್ದೆ ಹಾಳಾಗ್ತದೆ ಅಂತ ಸುಮ್ಮನೆ ಮಲಗಬೇಡಿ."

"ಎಬ್ಬಿಸ್ತೇನೆ ಮಾಮಿ" ಎಂದರು.